ಕುರ್ಚಿ ಹೊತ್ತವನು

ಮಾರ್ಚ್ 3, ಸೋಮವಾರ

ಸಭೆಯ ನಡಾವಳಿ. ಸ್ಥಳ: ಮಾಮನ ಮನೆಯ ಹಾಲ್, ಸೋಫಾದ ಎಡತುದಿ. ಹಾಜರಿದ್ದವರು: ನಾನು. ಗೈರುಹಾಜರಾದವರು: ನಾಚಿಕೆ, ಪಶ್ಚಾತ್ತಾಪ. ಇಬ್ಬರೂ ಮುಂಚಿತವಾಗಿ ರಜೆ ಕೋರಿದ್ದರು, ಮಂಜೂರಾಯಿತು.

ಮೊದಲ ವಿಷಯ. ಕಾಲೇಜಿನ ಧ್ವನಿವರ್ಧಕದಲ್ಲಿ ಬೆಳಗಿನ ಗಂಟೆಯ ಬದಲು ಪ್ರಾಂಶುಪಾಲರ ದನಿಯಲ್ಲೇ ಅವರ ರಾಜೀನಾಮೆ ಕೇಳಿಸಿದ್ದು ಕುಶಲ ಕೆಲಸವೆಂದು ಸಭೆ ಒಮ್ಮತದಿಂದ ಒಪ್ಪಿತು. ಅವರ ಹಳೆಯ ಭಾಷಣಗಳನ್ನು ಚೂರು ಚೂರು ಮಾಡಿ ಹೊಲಿಯಲು ನನಗೆ ಹನ್ನೊಂದು ದಿನ ಹಿಡಿದಿತ್ತು. ಕೇಳಿ ಇಬ್ಬರು ಉಪನ್ಯಾಸಕರು ಕಣ್ಣೊರೆಸಿಕೊಂಡರು, ಒಬ್ಬರು ಸಿಹಿ ತರಿಸಿದರು.

ಎರಡನೆಯ ವಿಷಯ, ಶಿಕ್ಷೆ. ಹತ್ತು ವಾರ ಅಮಾನತು. ಅದು ಮುಗಿದ ಮೇಲೆ ‘ಈ ಅವಧಿಯಲ್ಲಿ ಹುಡುಗಿ ಯಾವ ಕಿಡಿಗೇಡಿತನವನ್ನೂ ಮಾಡಿಲ್ಲ’ ಎಂದು ಪೋಷಕರೊಬ್ಬರು ಕೈಯಾರೆ ಬರೆದ ಪತ್ರ ತಂದರೆ ಒಳಗೆ, ಇಲ್ಲದಿದ್ದರೆ ಶಾಶ್ವತವಾಗಿ ಹೊರಗೆ. ಅಮ್ಮ ಬರೆದರೆ ನಡೆಯದಂತೆ. ಅಮ್ಮ ಹಿಂದೆ ಬರೆದುಕೊಟ್ಟ ಮೂರು ಪತ್ರಗಳೂ ಪ್ರಾಂಶುಪಾಲರ ಫೈಲಿನಲ್ಲಿ ಅಮ್ಮನ ವಿರುದ್ಧವೇ ಸಾಕ್ಷಿ ಹೇಳುತ್ತಿವೆ. ಹಾಗಾಗಿ ಅಮ್ಮನ ತಮ್ಮನ ಮನೆಗೆ ರವಾನೆ.

ಮಾಮನಿಗೆ ಸುಳ್ಳು ಹೇಳಲು ಬರುವುದಿಲ್ಲ. ಕೆಲವರಿಗೆ ಸೀಟಿ ಹೊಡೆಯಲು ಬರುವುದಿಲ್ಲವಲ್ಲ, ಹಾಗೆ. ನನ್ನನ್ನು ಕಂಡವನೇ ಅತ್ತೆಗೆ, “ದಪ್ಪ ಆಗಿದ್ದಾಳೆ,” ಅಂದ. ನನ್ನ ಫೋನನ್ನು ಬಿಸ್ಕತ್ತಿನ ಡಬ್ಬಿಗೆ ಹಾಕಿ ಬೀಗ ಜಡಿದ. “ಮಂತ್ರಿಗಳೇ, ಹತ್ತು ವಾರ ನಿಮ್ಮ ಅಧಿವೇಶನ ಈ ಮನೇಲಿ. ಬೆಳಗ್ಗೆ ಐದೂವರೆಗೆ ಏಳೋದು.”

ಮಾರ್ಚ್ 6, ಗುರುವಾರ

ಮಾಮ ಇಪ್ಪತ್ತೆರಡು ವರ್ಷ ಬಸ್ ಓಡಿಸಿದವನು. ಎರಡು ವರ್ಷದಿಂದ ಡಿಪೋದಲ್ಲಿ ಪ್ರಯಾಣಿಕರು ಬಿಟ್ಟುಹೋದ ವಸ್ತುಗಳ ಕೋಣೆ ನೋಡಿಕೊಳ್ಳುತ್ತಾನೆ. ಯಾಕೆಂದು ಯಾರೂ ಹೇಳುವುದಿಲ್ಲ. ಛತ್ರಿ, ಊಟದ ಡಬ್ಬಿ, ಒಂಟಿ ಚಪ್ಪಲಿ. ಒಂದು ಸಲ ಯಾರೋ ಹಲ್ಲಿನ ಸೆಟ್ಟನ್ನೇ ಬಿಟ್ಟು ಇಳಿದಿದ್ದರಂತೆ.

“ಮರುದಿನ ಬಂದು ಕೇಳಿದ್ರು,” ಅಂದ ಮಾಮ. “ಕೇಳಿದ್ದು ಮಾತ್ರ ಅರ್ಥ ಆಗ್ಲಿಲ್ಲ.”

ನಾನು ನಕ್ಕೆ. ನಗಬಾರದೆಂದು ನಿರ್ಣಯಿಸಿದ್ದೆ. ನಿರ್ಣಯ ತಿದ್ದುಪಡಿಗೆ ಒಳಪಟ್ಟಿದೆ.

ವಿಷಯ ಏನೆಂದರೆ ಡಿಪೋದಲ್ಲಿ ಈಗ ಡ್ರೈವರುಗಳ ಕೊರತೆ. ಮೇ ಐದಕ್ಕೆ ವೈದ್ಯರ ತಪಾಸಣೆ, ಏಳಕ್ಕೆ ಹದಿನಾಲ್ಕನೇ ನಂಬರಿನ ದಾರಿಯಲ್ಲಿ ಓಡಿಸಿ ತೋರಿಸುವ ಪರೀಕ್ಷೆ. ಎರಡೂ ಪಾಸಾದರೆ ಮಾಮನ ಕೈಗೆ ಮತ್ತೆ ಸ್ಟೇರಿಂಗ್. ಇಲ್ಲದಿದ್ದರೆ ನಿವೃತ್ತಿಯವರೆಗೆ ಛತ್ರಿ. ಎರಡು ವರ್ಷದಿಂದ ಕೂತಿಲ್ಲ, ಕೈ ಮರೆತಿದೆ ಎಂದು ಅವನಿಗೆ ದಿಗಿಲು.

ಒಂದು ವರ್ಷ ಯಾರೂ ಕೇಳದ ವಸ್ತುವನ್ನು ಸಿಬ್ಬಂದಿ ಮನೆಗೊಯ್ಯಬಹುದಂತೆ. ಇವತ್ತು ಮಾಮ ಒಂದು ಪೆಟ್ಟಿಗೆ ಹೊತ್ತು ತಂದ. ಒಳಗೆ ಕಂಪ್ಯೂಟರ್ ಆಟದ ಸ್ಟೇರಿಂಗ್ ಮತ್ತು ಪೆಡಲು.

“ಇದು ಕೆಲಸ ಮಾಡುತ್ತಾ ನೋಡು.”

ಮನೆಯಲ್ಲಿರುವುದು ಡಿಪೋ ಎಸೆದ ಕಂಪ್ಯೂಟರ್. ಬೇರೆ ಯಾವುದನ್ನು ಹಾಕಿದರೂ ಉಸಿರುಗಟ್ಟುತ್ತದೆಂದು ಡಿಪೋದವರೇ ವಿಂಡೋಸ್ ತೆಗೆದು ಲಿನಕ್ಸ್ ಎಂಬ ಹಗುರ ವ್ಯವಸ್ಥೆ ಹಾಕಿ ಕೊಟ್ಟಿದ್ದಾರೆ. ನಾನು ತೋಳೇರಿಸಿದೆ.

ಮಾರ್ಚ್ 11, ಮಂಗಳವಾರ

ಐದು ದಿನದ ಯುದ್ಧ ಮುಗಿಯಿತು. ಆ ಸ್ಟೇರಿಂಗಿಗೆಂದು ನಾನು ಹುಡುಕಿದ ಬಸ್ ಓಡಿಸುವ ಆಟ ವಿಂಡೋಸಿಗೆಂದೇ ಹುಟ್ಟಿದ್ದು. ಲಿನಕ್ಸಿನಲ್ಲಿ ಓಡಬೇಕಾದರೆ ನಡುವೆ ವೈನ್ ಎಂಬ ದುಭಾಷಿ ಕೂತು ಆಟ ಆಡಿದ ಮಾತನ್ನೆಲ್ಲ ಅನುವಾದಿಸಬೇಕು. ಮೊದಲ ದಿನ ದುಭಾಷಿ ಮೂಕನಾದ. ಎರಡನೇ ದಿನ ಬಸ್ಸು ಕಂಡಿತು, ರಸ್ತೆ ಕಾಣಲಿಲ್ಲ. ಮೂರನೇ ದಿನ ಸ್ಟೇರಿಂಗ್ ಎಡಕ್ಕೆ ತಿರುಗಿಸಿದರೆ ವೈಪರ್ ಆಡಿತು. ಇವತ್ತು ಎಲ್ಲವೂ ಸರಿಯಾಯಿತು.

ಮಾಮನಿಗೆ ಒಂದು ಲಾಗಿನ್, ನನಗೆ ಒಂದು. ಈ ವ್ಯವಸ್ಥೆಯಲ್ಲಿ ಒಬ್ಬೊಬ್ಬರ ಲಾಗಿನ್ ಒಂದೊಂದು ಕೋಣೆ ಇದ್ದಹಾಗೆ. ಅವರವರ ದುಭಾಷಿ, ಅವರವರ ಆಟ ಅವರವರ ಕೋಣೆಯೊಳಗೆ. ಒಂದರಲ್ಲಿ ಬದಲಿಸಿದ್ದು ಇನ್ನೊಂದಕ್ಕೆ ಗೊತ್ತಾಗುವುದಿಲ್ಲ. ಇಡೀ ಯಂತ್ರದ ಯಜಮಾನಿಕೆಯ ಪಾಸ್‌ವರ್ಡ್ ಮಾತ್ರ ನನ್ನ ಬಳಿ. ಅಧಿಕಾರ ಸ್ವೀಕಾರ ಸಮಾರಂಭ ಸರಳವಾಗಿ ನಡೆಯಿತು.

ಮಾಮ ಸ್ಟೇರಿಂಗ್ ಹಿಡಿದು ಹತ್ತು ನಿಮಿಷ ಸುಮ್ಮನೆ ಕೂತಿದ್ದ, ಬಸ್ ಚಾಲೂ ಮಾಡದೆ.

ಮಾರ್ಚ್ 16, ಭಾನುವಾರ

ಆಟದ ಹೊಟ್ಟೆಯೊಳಗೆ ಕೈ ಹಾಕಿ ಬೇಕಾದ್ದನ್ನು ಸೇರಿಸುವುದಕ್ಕೆ ನಮ್ಮವರು ಮಾಡ್ ಎನ್ನುತ್ತಾರೆ. ಹದಿನಾಲ್ಕನೇ ನಂಬರಿನ ಇಡೀ ದಾರಿಯನ್ನು ಆಟದಲ್ಲಿ ಕಟ್ಟುತ್ತಿದ್ದೇನೆ. ಇಪ್ಪತ್ತಮೂರು ಸ್ಟಾಪು. ನಕ್ಷೆ ಬೇಡ, ಮಾಮನೇ ನಕ್ಷೆ. ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕಣ್ಣು ಮುಚ್ಚಿ ಹೇಳುತ್ತಾನೆ.

“ಇಲ್ಲಿ ಮರ. ಕೊಂಬೆ ಎಡಗಡೆ ಕನ್ನಡಿಗೆ ತಾಗುತ್ತೆ, ಹಾಗಾಗಿ ಒಂದು ಮೊಳ ಬಲಕ್ಕೆ. ಇಲ್ಲಿ ಶಾಲೆ. ಇಲ್ಲೊಂದು ನಾಯಿ.”

“ನಾಯಿ ಎರಡು ವರ್ಷದಿಂದ ಅಲ್ಲೇ ಇರುತ್ತಾ ಮಾಮ?”

“ಅದಕ್ಕೆ ಟ್ರಾನ್ಸ್‌ಫರ್ ಇಲ್ಲ. ಹಾಕು.”

ನಾಯಿ ಹಾಕಿದೆ. ಹದಿನೇಳನೇ ಸ್ಟಾಪು ದಾಟಿದ ಮೇಲೆ ಮಾಮ ನಿಧಾನಿಸಿದ. “ಇಲ್ಲಿ ಎಡಕ್ಕೆ ತಿರುವು. ಮೂಲೇಲಿ ಕನ್ನಡಕದ ಅಂಗಡಿ. ಮುಂದೆ ಹೋಗೋಣ.”

“ಅಂಗಡಿ ಬಣ್ಣ?”

“ಮುಂದೆ ಹೋಗೋಣ ಅಂದೆ.”

ಮಾರ್ಚ್ 18, ಮಂಗಳವಾರ

ಪ್ರಯಾಣಿಕರಿಗೆ ಅತ್ತೆಯ ದನಿ ಕೊಟ್ಟಿದ್ದೇನೆ. ಅತ್ತೆ ಆಸ್ಪತ್ರೆಯ ನಿಲುವಂಗಿ ಹೊಲಿಯುವ ಕಾರ್ಖಾನೆಗೆ ಹೋಗುವ ಅವಸರದಲ್ಲಿ ಬೈದದ್ದನ್ನೆಲ್ಲ ಕಂಪ್ಯೂಟರಿನಲ್ಲೇ ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿದ್ದೆ. ಈಗ ಬಸ್ಸಿಗೆ ಹತ್ತುವ ಗಡ್ಡದವನೂ, “ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡಿ ಅಂತ ಎಷ್ಟು ಸಲ ಹೇಳ್ಬೇಕು ರೀ,” ಎನ್ನುತ್ತಾನೆ.

ಮಾಮ ನಗುತ್ತ ನಗುತ್ತ ಫುಟ್‌ಪಾತ್ ಹತ್ತಿಸಿದ. ಅತ್ತೆಯೂ ಬಂದು ಕೇಳಿ, “ನನ್ನ ದನಿ ಇಷ್ಟು ಕೆಟ್ಟದಾಗಿದೆಯಾ?” ಅಂದರು. ಮಾಮನಿಗೆ ಸುಳ್ಳು ಬರುವುದಿಲ್ಲವಷ್ಟೆ. ಊಟ ತಡವಾಯಿತು.

ಮಾರ್ಚ್ 22, ಶನಿವಾರ

ತುರ್ತು ಸಭೆ. ವಿಶ್ವಾಸದ್ರೋಹ.

ಮೊನ್ನೆ ಈ ಕಟ್ಟಡದ ಲಿಫ್ಟಿನಲ್ಲಿ ಒಂದು ಸೂಚನೆ ಅಂಟಿಸಿದ್ದೆ: ‘ತೂಕದ ಸಮತೋಲನಕ್ಕಾಗಿ ಏರುವವರು ಎಡಗಾಲಿನ ಮೇಲೆ, ಇಳಿಯುವವರು ಬಲಗಾಲಿನ ಮೇಲೆ ನಿಲ್ಲತಕ್ಕದ್ದು. ಆಡಳಿತ ಮಂಡಳಿ.’ ಮೂರನೇ ಮಹಡಿಯ ನಿವೃತ್ತ ತಹಶೀಲ್ದಾರರು ಎರಡು ದಿನ ಭಕ್ತಿಯಿಂದ ಪಾಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಇವತ್ತು ಪ್ರಾಂಶುಪಾಲರು ವಿಚಾರಿಸಲು ಫೋನ್ ಮಾಡಿದಾಗ ಮಾಮ ಎಲ್ಲವನ್ನೂ ಹೇಳಿಬಿಟ್ಟ. ಕಾಲು ಯಾವುದು ಎಂಬುದರ ಸಮೇತ.

“ಕೇಳಿದ್ರು, ಹೇಳಿದೆ,” ಅಂದ.

“ಕೇಳದೇ ಇದ್ದದ್ದನ್ನೂ ಹೇಳಿದೆ.”

“ಇನ್ನೊಂದು ಸಲ ಇಂಥದ್ದು ಆದ್ರೆ ಪತ್ರವೇ ಬೇಡ, ಬರೋದೂ ಬೇಡ ಅಂದಿದ್ದಾರೆ. ಅದಕ್ಕೇ ಹೇಳಿದೆ. ಈಗ ಹೆದರ್ಕೋತೀಯಲ್ಲ.”

ತಹಶೀಲ್ದಾರರ ಮನೆ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ ಕ್ಷಮೆ ಕೇಳಿಸಿದ. ಒಂಟಿಕಾಲಲ್ಲಿ ನಿಲ್ಲಿಸಲಿಲ್ಲ, ಅಷ್ಟು ಪುಣ್ಯ.

ಪ್ರತೀಕಾರದ ಮಸೂದೆ ಧ್ವನಿಮತದಿಂದ ಅಂಗೀಕಾರವಾಯಿತು. ಸಾಧನ ಇನ್ನೂ ಗೊತ್ತುಪಡಿಸಿಲ್ಲ.

ಮಾರ್ಚ್ 24, ಸೋಮವಾರ

ಸಾಧನ ತಾನಾಗಿಯೇ ಬಂತು. ಬಟ್ಟೆ ಮಡಚುವಾಗ ಅತ್ತೆ ಹೇಳಿದರು. ನಾನು ಕೇಳಿದ್ದು ಅಂಗಡಿಯ ಬಣ್ಣ ಮಾತ್ರ.

ಎರಡು ವರ್ಷದ ಹಿಂದೆ, ಕನ್ನಡಕದ ಅಂಗಡಿಯ ತಿರುವಿನಲ್ಲಿ, ಒಬ್ಬ ಕೆಂಪು ಪ್ಲಾಸ್ಟಿಕ್ ಕುರ್ಚಿಯನ್ನು ಬೋರಲಾಗಿ ತಲೆ ಮೇಲೆ ಹೊತ್ತು ಹೋಗುತ್ತಿದ್ದ. ಕುರ್ಚಿಯ ಬೆನ್ನು ಅವನ ಕಣ್ಣಿಗೇ ಅಡ್ಡ. ಫುಟ್‌ಪಾತಿನಿಂದ ಇಳಿದ. ಮಾಮನ ಬಸ್ಸು. ಮೂರನೇ ದಿನ ಆಸ್ಪತ್ರೆಯಲ್ಲಿ ತೀರಿಹೋದ. ತಪ್ಪು ಮಾಮನದಲ್ಲ ಎಂದು ವಿಚಾರಣೆಯಲ್ಲಿ ಬರೆದರು. ಆದರೆ ಮಾರನೆಯ ದಿನದಿಂದ ಮಾಮನೇ ಸೀಟು ಹತ್ತಲಿಲ್ಲ.

“ಆ ಕುರ್ಚಿಗೆ ಏನೂ ಆಗಿರ್ಲಿಲ್ಲ ನೋಡು,” ಅಂದರು ಅತ್ತೆ. “ಅದನ್ನೇ ಹೇಳ್ತಿದ್ರು ಬಹಳ ದಿನ.”

ಮಾರ್ಚ್ 27, ಗುರುವಾರ

ಕುರ್ಚಿ ಮಾಡಲು ಎರಡು ದಿನ ಬೇಕಾಯಿತು. ಪ್ಲಾಸ್ಟಿಕ್ಕಿನ ಹೊಳಪು ತರುವುದು ಕಷ್ಟ. ಮನುಷ್ಯ ಸುಲಭ, ಸ್ಟಾಪಿನಲ್ಲಿ ಕಾಯುವವರ ಪೈಕಿ ಒಬ್ಬನನ್ನು ಎತ್ತಿಕೊಂಡು ತಲೆಯ ಮೇಲೆ ಕುರ್ಚಿ ಕವುಚಿದೆ. ಮುಖ ಮಾಡಲಿಲ್ಲ. ಹೇಗೂ ಕುರ್ಚಿ ಮುಚ್ಚುತ್ತದೆ.

ಏಳು ಸಲ ಹೋದರೆ ಒಂದು ಸಲ ಕಾಣುತ್ತಾನೆ. ತಿರುವಿನ ಅಂಚಿನಲ್ಲಿ ನಿಂತಿರುತ್ತಾನೆ, ಮೂರು ಸೆಕೆಂಡು. ಬಸ್ಸು ಹತ್ತಿರ ಬಂದರೆ ಮಾಯ. ಯಜಮಾನಿಕೆಯ ಪಾಸ್‌ವರ್ಡ್ ಹಾಕಿ ಮಾಮನ ಕೋಣೆಯ ಆಟದಲ್ಲಿ ಬಿಟ್ಟೆ. ನನ್ನ ಕೋಣೆಯ ಪ್ರತಿಯಲ್ಲೂ ಇದ್ದಾನೆ, ಆದರೆ ಮಲಗಿಸಿದ್ದೇನೆ. ನಾನು ಎಬ್ಬಿಸದೆ ಏಳುವುದಿಲ್ಲ.

ಮಸೂದೆ ಕಾಯ್ದೆಯಾಯಿತು.

ಮಾರ್ಚ್ 29, ಶನಿವಾರ

ಕಂಡ. ನಾನು ಅಡುಗೆಮನೆಯಲ್ಲಿದ್ದೆ. ಪೆಡಲು ನೆಲಕ್ಕೆ ಬಡಿದ ಸದ್ದಾಯಿತು. ಹೋಗಿ ನೋಡಿದರೆ ಬಸ್ಸು ತಿರುವಿನಲ್ಲಿ ಅಡ್ಡ ನಿಂತಿದೆ, ಮಾಮನ ಎರಡೂ ಕಾಲು ಬ್ರೇಕಿನ ಮೇಲೆ.

“ಆ ತಿರುವಿನಲ್ಲಿ ಯಾರನ್ನಾದ್ರೂ ನಿಲ್ಲಿಸಿದ್ದೀಯಾ ನೀನು?”

“ಯಾರನ್ನ ಮಾಮ?”

“ಯಾರನ್ನಾದ್ರೂ.”

“ಅಲ್ಲಿ ಸ್ಟಾಪೇ ಇಲ್ವಲ್ಲ. ಬಾ, ನನ್ನದರಲ್ಲಿ ನೋಡೋಣ.”

ನನ್ನ ಕೋಣೆಯಲ್ಲಿ ಆಟ ತೆರೆದು ಅವನ ಎದುರಿಗೇ ಹತ್ತು ಸಲ ಆ ತಿರುವು ದಾಟಿದೆ. ಪ್ರತಿ ಸಲವೂ ಗಂಭೀರವಾಗಿ ವರದಿ ಒಪ್ಪಿಸಿದೆ: “ಯಾರೂ ಇಲ್ಲ ಮಾಮ.”

“ಹೌದು,” ಅಂದ ಮಾಮ. “ಯಾರೂ ಇಲ್ಲ.”

ನನ್ನ ಮುಖದ ಒಂದು ಸ್ನಾಯುವೂ ಅಲುಗಲಿಲ್ಲ. ಇದಕ್ಕೆ ಪದಕ ಇರಬೇಕಿತ್ತು.

ಏಪ್ರಿಲ್ 3, ಗುರುವಾರ

ಮತ್ತೆ ಎರಡು ಸಲ. ಈಗ ಕೇಳುವುದೂ ಇಲ್ಲ. ಬರೀ ನನ್ನ ಮುಖ ನೋಡುತ್ತಾನೆ, ನಾನು ತಲೆಯಾಡಿಸುತ್ತೇನೆ.

ಏಪ್ರಿಲ್ 8, ಮಂಗಳವಾರ

ಹೊಸ ತಮಾಷೆ. ಮಾಮ ಈಗ ಪ್ರತಿ ಸಲವೂ ಆ ತಿರುವಿನಲ್ಲಿ ಬಸ್ ನಿಲ್ಲಿಸುತ್ತಾನೆ, ಅವನು ಕಾಣಲಿ ಬಿಡಲಿ. ಬಾಗಿಲು ತೆರೆಯುತ್ತಾನೆ. ಕಾಯುತ್ತಾನೆ. ಮುಚ್ಚುತ್ತಾನೆ. ಸ್ಟಾಪಿಲ್ಲದ ಕಡೆ ನಿಲ್ಲಿಸಿದ್ದಕ್ಕೆ ಆಟ ಐವತ್ತು ಅಂಕ ಕಳೆಯುತ್ತದೆ. ಹಿಂದಿನ ಸೀಟಿನಿಂದ ಅತ್ತೆಯ ದನಿ ಟವೆಲ್ಲಿಗಾಗಿ ಬೈಯುತ್ತದೆ.

ನಗು ಬರಲಿಲ್ಲ. ಒಂದೇ ತಮಾಷೆ ಎಷ್ಟು ಸಲ ನಗಿಸೀತು.

ಏಪ್ರಿಲ್ 13, ಭಾನುವಾರ

ಸಂಜೆ ಸೋಪು ತರಲು ಮೂವರೂ ಹೊರಗೆ ಹೋಗಿದ್ದೆವು. ಫುಟ್‌ಪಾತಿನ ಅಂಚಿನಲ್ಲಿ ಮಾಮ ನಿಂತುಬಿಟ್ಟ. ರಸ್ತೆ ಖಾಲಿ ಇತ್ತು.

“ನಡೀರಿ,” ಅಂದರು ಅತ್ತೆ.

“ಬರ್ತೀನಿ. ನೀವು ಹೋಗಿ.”

ನಾವು ದಾಟಿದ ಮೇಲೂ ಆ ಕಡೆಯೇ ನಿಂತಿದ್ದ. ಅತ್ತೆ ವಾಪಸು ಹೋಗಿ ಕರೆತಂದರು. ದಾರಿಯಲ್ಲಿ ನನಗೊಬ್ಬಳಿಗೇ ಕೇಳುವಂತೆ, “ಹೀಗೇ ಆಡ್ತಿದ್ದಾರೆ, ಒಂದು ವಾರದಿಂದ. ಪರೀಕ್ಷೆ ಹೆದರಿಕೆ ಇರ್ಬೇಕು ಅಲ್ವಾ?” ಅಂದರು.

“ಇರ್ಬೇಕು ಅತ್ತೆ,” ಅಂದೆ. ಸೋಪು ತರುವುದನ್ನೇ ಮರೆತೆವು.

ಏಪ್ರಿಲ್ 18, ಶುಕ್ರವಾರ

ಪ್ರಾಂಶುಪಾಲರ ಫೋನು. ನಾನು ಬಾಗಿಲ ಹಿಂದೆ ಅಧಿಕೃತವಾಗಿ ಕದ್ದು ಕೇಳಿಸಿಕೊಂಡೆ.

“ಇಲ್ಲ ಸಾರ್, ಬದಲಾಗಿದ್ದಾಳೆ,” ಎನ್ನುತ್ತಿದ್ದ ಮಾಮ. “ನನ್ನ ಪರೀಕ್ಷೆಗೆ ಇಡೀ ದಾರಿ ಕಟ್ಟಿಕೊಟ್ಟಿದ್ದಾಳೆ. ಕೊಂಬೆ ಸಮೇತ. ನಾಯಿ ಸಮೇತ. ನಾನು ಸುಸ್ತಾದ್ರೆ ಪಕ್ಕದಲ್ಲಿ ಕೂತ್ಕೋತಾಳೆ. ಒಂದು ವಿಷಯಕ್ಕೆ ಅವಳನ್ನೇ ನಂಬ್ಕೊಂಡಿದ್ದೀನಿ ಸಾರ್, ಏನು ಅಂತ ಹೇಳೋಕಾಗಲ್ಲ.”

ಆಮೇಲೆ ಬಿಸ್ಕತ್ತಿನ ಡಬ್ಬಿಯ ಬೀಗ ತೆಗೆದು ನನ್ನ ಫೋನು ಕೊಟ್ಟ. ಚಾರ್ಜು ತುಂಬಿತ್ತು. ವಾರಕ್ಕೊಮ್ಮೆ ಅವನೇ ಚಾರ್ಜಿಗೆ ಹಾಕಿಡುತ್ತಿದ್ದನಂತೆ, ಹಾಳಾಗದಿರಲಿ ಎಂದು.

ಇವತ್ತು ಊಟ ಸೇರಲಿಲ್ಲ. ಅಡುಗೆಯಲ್ಲಿ ಏನೋ ಹೆಚ್ಚುಕಡಿಮೆ.

ಏಪ್ರಿಲ್ 19, ಶನಿವಾರ

ಕುರ್ಚಿ ಹೊತ್ತವನ ಸೇವಾವಧಿ ಮುಗಿಸಲಾಗಿದೆ. ಕರುಣೆಯಿಂದಲ್ಲ, ತಮಾಷೆ ಹಳಸಿತು, ಅಷ್ಟೆ. ಮಾಮ ಕೆಲಸಕ್ಕೆ ಹೋಗಿದ್ದಾಗ ನನ್ನ ಲಾಗಿನ್‌ನಲ್ಲೇ ಕೂತು, ಯಜಮಾನಿಕೆಯ ಪಾಸ್‌ವರ್ಡ್ ಹಾಕಿ, ಒಂದೇ ಸಾಲಿನ ಆಜ್ಞೆ ಬರೆದೆ: ಮನೆಯೊಳಗಿನ ಆಟದೊಳಗಿನ ಆ ಮನುಷ್ಯನನ್ನು, ಅವನ ಕುರ್ಚಿಯನ್ನು, ಅವನಿಗೆ ಸಂಬಂಧಿಸಿದ ಎಲ್ಲವನ್ನೂ ಅಳಿಸು. ‘ಮನೆ’ ಎನ್ನುವುದಕ್ಕೆ ಅಲೆಯಂಥ ಒಂದು ಪುಟ್ಟ ಗುರುತಿದೆ, ಅದನ್ನು ಒತ್ತಿದರೆ ಸಾಕು. ಈ ವ್ಯವಸ್ಥೆಯ ದೊಡ್ಡಗುಣ ಇದು. ಖಚಿತವೇ ಎಂದು ಕೇಳುವುದಿಲ್ಲ, ಕಸದಬುಟ್ಟಿಯಲ್ಲಿ ಎತ್ತಿಡುವುದಿಲ್ಲ. ಹೇಳಿದ್ದನ್ನು ಮಾಡುತ್ತದೆ.

ಆಟ ತೆರೆದು ಪರೀಕ್ಷಿಸಬೇಕಿತ್ತು. ಆ ತಿರುವನ್ನು ನೋಡುವ ಮನಸ್ಸಾಗಲಿಲ್ಲ.

ಏಪ್ರಿಲ್ 25, ಶುಕ್ರವಾರ

ಇವತ್ತೂ ಬಂದಿದ್ದ ಎಂದ ಮಾಮ.

“ಯಾರು?”

“ಅವನೇ. ಕೆಂಪು ಕುರ್ಚಿ ಹೊತ್ತವನು.” ಮೊದಲ ಸಲ ಬಾಯಿಬಿಟ್ಟು ಹೇಳಿದ. “ನಿನ್ನೆಯೂ ಬಂದಿದ್ದ. ಮೊನ್ನೆ ಇರ್ಲಿಲ್ಲ. ನಿನಗೆ ಕಾಣಲ್ಲ ಅಂತ ಗೊತ್ತು. ಸುಮ್ನೆ ಹೇಳಿದೆ, ಯಾರಿಗಾದ್ರೂ ಹೇಳ್ಬೇಕಲ್ಲ.”

ಅಳಿಸಿ ಆರು ದಿನವಾಗಿದೆ.

ಏಪ್ರಿಲ್ 27, ಭಾನುವಾರ

ಎರಡು ದಿನ ಯೋಚಿಸಿದೆ. ಹಾಸ್ಯ ಬದಿಗಿಟ್ಟು ಬರೆಯುತ್ತೇನೆ.

ಮೊದಲಿದ್ದವನು ನನ್ನವನು. ಈಗ ಬರುವವನು ನನ್ನವನಲ್ಲ, ಮಾಮನವನೇ. ಮಾಮನಿಗೆ ನಿಜವಾಗಿಯೂ ಕಾಯಿಲೆಯಾಗಿದೆ. ಶುರು ಮಾಡಿದ್ದು ನಾನೇ ಇರಬಹುದು. ಆದರೆ ಈಗ ಅದನ್ನು ಹೇಳಿದರೆ ಏನು ಪ್ರಯೋಜನ? ಕುರ್ಚಿಯವನು ಹೋಗುವುದಿಲ್ಲ, ನನ್ನ ಪತ್ರ ಹೋಗುತ್ತದೆ. ಕಾಯಿಲೆ ಇರುವವನು ಅರವತ್ತು ಜನರನ್ನು ಕೂರಿಸಿಕೊಂಡು ಬಸ್ ಓಡಿಸಬಾರದು. ನಡುರಸ್ತೆಯಲ್ಲಿ ಎರಡೂ ಕಾಲು ಬ್ರೇಕಿನ ಮೇಲೆ ಇಟ್ಟರೆ?

ಟೀ ಕೊಟ್ಟು ಪಕ್ಕದಲ್ಲಿ ಕೂತೆ. “ಮಾಮ, ಐದನೇ ತಾರೀಕು ಡಾಕ್ಟರಿಗೆ ಹೇಳಿಬಿಡು. ಔಷಧಿ ಕೊಡ್ತಾರೆ. ಇಂಥದ್ದು ಮುಚ್ಚಿಡಬಾರದು.”

“ಹೇಳಿದ್ರೆ ಸೀಟು ಕೊಡಲ್ವೇನೋ.”

“ಸರಿಯಾದ ಮೇಲೆ ಕೊಡ್ತಾರೆ.”

ಲೋಟದ ಟೀ ಮುಗಿಸಿದ. “ದೊಡ್ಡವಳಾಗಿಬಿಟ್ಟೆ ನೀನು,” ಅಂದ.

ಪ್ರಾಮಾಣಿಕವಾಗಿ ಒಳ್ಳೆಯದನ್ನೇ ಬಯಸಿ ನಾನು ಆಡಿದ ಮೊದಲ ಮಾತು ಇದಿರಬೇಕು. ದಾಖಲೆಗಾಗಿ ಬರೆದಿಟ್ಟಿದ್ದೇನೆ.

ಮೇ 5, ಸೋಮವಾರ

ಅತ್ತೆ ರಜೆ ಹಾಕಿ ಜೊತೆಗೆ ಹೋಗಿದ್ದರು. ಬಂದು ಹೇಳಿದ್ದು ಇಷ್ಟು.

ಕಣ್ಣು ಚೆನ್ನಾಗಿದೆ. ರಕ್ತದೊತ್ತಡ ಚೆನ್ನಾಗಿದೆ. ಕೈ ನಡುಗುವುದಿಲ್ಲ. ಕೊನೆಯ ಹಾಳೆಯಲ್ಲಿ ಒಂದು ಪ್ರಶ್ನೆ: ‘ಇಲ್ಲದ್ದು ಕಾಣುವುದು, ಕೇಳಿಸುವುದು ಉಂಟೇ?’ ಎಲ್ಲರೂ ಓದದೆಯೇ ‘ಇಲ್ಲ’ ಎಂದು ಗೀಟು ಹಾಕುವ ಪ್ರಶ್ನೆಯಂತೆ. ಮಾಮ ‘ಉಂಟು’ ಎಂದು ಬರೆದ.

ಡಾಕ್ಟರು ಒಳ್ಳೆಯವರು. “ನಿದ್ದೆಗೆಟ್ಟಾಗ ಎಲ್ಲರಿಗೂ ಆಗುತ್ತೆ. ಇಲ್ಲ ಅಂತಲೇ ಬರ್ಕೊಳ್ಲಾ?” ಎಂದು ಕೇಳಿದರಂತೆ.

“ಬೇಡ ಡಾಕ್ಟ್ರೇ,” ಅಂದನಂತೆ ಮಾಮ. “ಅಕ್ಕನ ಮಗಳು ಎದುರಿಗೇ ಪರೀಕ್ಷೆ ಮಾಡಿದ್ದಾಳೆ. ಒಂದು ಸಲ ಅಲ್ಲ, ಹತ್ತು ಸಲ. ಅವಳಿಗೆ ಕಾಣಲ್ಲ, ನನಗೆ ಕಾಣುತ್ತೆ.”

ಭಾರೀ ವಾಹನದ ಪರವಾನಗಿ ಶಾಶ್ವತವಾಗಿ ರದ್ದು. ಏಳನೇ ತಾರೀಕಿನ ಪರೀಕ್ಷೆ ಇಲ್ಲ.

ಅತ್ತೆ ಹೇಳುತ್ತಿರುವಾಗ ಮಾಮ ಒದ್ದೆ ಟವೆಲ್ಲನ್ನು ಹಗ್ಗದ ಮೇಲೆ ಹರವುತ್ತಿದ್ದ. ಮೂಲೆಗೆ ಮೂಲೆ ಕೂಡಿಸಿ.

ಮೇ 8, ಗುರುವಾರ

ಬೆಳಗ್ಗೆ ಹೊರಡುವಾಗ ಮಾಮ, “ಆ ಆಟ ತೆಗೆದುಬಿಡು. ನಿನಗೆ ಜಾಗ ಆಗುತ್ತೆ,” ಎಂದು ತನ್ನ ಪಾಸ್‌ವರ್ಡ್ ಹೇಳಿದ. ಅವನು ಮೊದಲು ಓಡಿಸಿದ ಬಸ್ಸಿನ ನಂಬರು.

ತೆಗೆಯುವ ಮುಂಚೆ ಒಂದು ಸಲ ಓಡಿಸೋಣ ಎನ್ನಿಸಿತು. ದಾರಿ ಕಟ್ಟಿದವಳು ನಾನು, ಅವನ ಕೋಣೆಯಲ್ಲಿ ಒಮ್ಮೆಯೂ ಓಡಿಸಿರಲಿಲ್ಲ. ಮರ, ಶಾಲೆ, ನಾಯಿ. ಎಲ್ಲವೂ ಚೆನ್ನಾಗಿ ಬಂದಿದೆ. ನಾಲ್ಕನೇ ಸುತ್ತಿನಲ್ಲಿ ಕನ್ನಡಕದ ಅಂಗಡಿಯ ತಿರುವಿನಲ್ಲಿ ಅವನು ನಿಂತಿದ್ದ.

ಕುರ್ಚಿಯ ಹೊಳಪು ನಾನೇ ಮಾಡಿದ್ದು.

ನನ್ನ ಕೋಣೆಗೆ ಹೋಗಿ ನೋಡಿದೆ. ಅಲ್ಲಿದ್ದವನು ಇಲ್ಲ. ಅವನ ಕುರ್ಚಿ, ಅವನನ್ನು ಮಾಡಿದ ಮೂಲ ಕಡತಗಳು, ಯಾವುದೂ ಇಲ್ಲ. ಅಲೆಯಂಥ ಗುರುತಿಗೆ ಅರ್ಥ ‘ಮನೆ’. ಯಾರು ಬರೆಯುತ್ತಾರೋ ಅವರ ಮನೆ, ಅಂದರೆ ಅವರ ಕೋಣೆ ಮಾತ್ರ. ಇದನ್ನು ನಾನು ಹನ್ನೆರಡನೇ ವಯಸ್ಸಿನಲ್ಲೇ ಕಲಿತಿದ್ದೆ. ಆ ದಿನ ನನ್ನ ಲಾಗಿನ್‌ನಲ್ಲಿ ಕೂತು ನನ್ನ ಮನೆಯವನನ್ನು ಅಳಿಸಿದ್ದೆ. ಮಾಮನಿಗೆ ಕಾಣುತ್ತಿದ್ದವನು ಅಲ್ಲೇ ಇದ್ದ. ಮಾಮನ ತಲೆಯಲ್ಲಿ ಏನೂ ಆಗಿರಲಿಲ್ಲ.

ಆಗ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಕೈ ತಾನಾಗಿ ಓಡಿತು. ಈ ಸಲ ಪೂರ್ತಿ ವಿಳಾಸ ಬರೆದೆ, ಮಾಮನ ಹೆಸರಿನ ಸಮೇತ. ಅಳಿಸಿತು. ಕೇಳಲಿಲ್ಲ.

ಬಂದದ್ದು ತಹಶೀಲ್ದಾರರು. ಮಹಡಿ ತಪ್ಪಿದ್ದರು.

ಮೇ 9, ಶುಕ್ರವಾರ

ಸಭೆ ಇಲ್ಲ.

ಮೇ 10, ಶನಿವಾರ

ಹೇಳಿದೆ. ಎಲ್ಲವನ್ನೂ. ಕುರ್ಚಿ, ಏಳಕ್ಕೊಂದು ಸಲ, ಎರಡು ಕೋಣೆ, ತಪ್ಪಿದ ಆಜ್ಞೆ. ಮೂವತ್ತು ದಿನದೊಳಗೆ ಮರುಪರಿಶೀಲನೆ ಕೇಳಬಹುದು ಎಂದು ಡಿಪೋದ ಕಾಗದದಲ್ಲೇ ಇದೆ, ಬಾ ನಾನೇ ಬಂದು ಹೇಳುತ್ತೇನೆ ಎಂದೆ.

ಮಾಮ ಕೊನೆಯವರೆಗೂ ಕೇಳಿದ. ಆಮೇಲೆ ನನ್ನ ತಲೆ ಮೇಲೆ ಕೈಯಿಟ್ಟ.

“ಮಂತ್ರಿಗಳೇ, ನನಗೋಸ್ಕರ ಸುಳ್ಳು ಹೇಳಬೇಡಿ.”

“ಸುಳ್ಳಲ್ಲ ಮಾಮ.”

“ಹಾಗಾದ್ರೆ ತೋರಿಸು.”

ತೋರಿಸಲು ಏನೂ ಇರಲಿಲ್ಲ. ಒಂದನ್ನು ತಪ್ಪಿ ಅಳಿಸಿದ್ದೆ, ಇನ್ನೊಂದನ್ನು ಹೆದರಿ.

“ಮತ್ತೆ ಮಾಡಿ ತೋರಿಸ್ತೀನಿ,” ಅಂದೆ.

ಮೇ 11, ಭಾನುವಾರ

ನಿದ್ದೆ ಬಿಟ್ಟು ಮಾಡಿದೆ. ಅದೇ ಕೆಂಪು, ಅದೇ ಹೊಳಪು, ಅದೇ ತಿರುವು. ಮಾಮ ಕನ್ನಡಕ ಹಾಕಿಕೊಂಡು ಪರದೆಗೆ ಹತ್ತಿರ ಬಂದು ನೋಡಿದ. ಎಷ್ಟೋ ಹೊತ್ತು.

“ಕುರ್ಚಿ ಸರಿಯಾಗಿದೆ,” ಅಂದ. “ನಾನು ಹೇಳಿದ್ದನ್ನ ಚೆನ್ನಾಗಿ ಕೇಳಿಸ್ಕೊಂಡಿದ್ದೀಯ. ಆದ್ರೆ ಇವನಲ್ಲ. ಅವನಿಗೆ ಮುಖ ಇತ್ತು.”

ಎದ್ದು ಹೋದ.

ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದರು. ಕೈಯಲ್ಲಿ ಇನ್ನೂ ಸೂಜಿ ಇತ್ತು, ದಾರ ಪೋಣಿಸಿದ್ದು.

“ಒಂದೇ ಸಲ ಕೇಳ್ತೀನಿ. ನೀನು ಹೇಳಿದ್ದನ್ನೆಲ್ಲ ಅವರು ನನಗೆ ಹೇಳಿದ್ರು. ಅದು ಸುಳ್ಳಾದ್ರೆ, ಅವರಿಗೆ ಆಸೆ ಹುಟ್ಟಿಸೋದು ಇವತ್ತಿಗೇ ನಿಲ್ಲಿಸು. ನಿಜವಾದ್ರೆ, ಈ ಮನೆ ಬಾಗಿಲು ಇನ್ನು ಯಾವತ್ತೂ ತುಳೀಬೇಡ, ನಾಳೆ ನಾನೇ ನಿನ್ನ ಕಾಲೇಜಿಗೂ ಡಿಪೋಗೂ ಬರ್ತೀನಿ. ಯಾವುದು?”

ಗ್ಯಾಸಿನ ಮೇಲೆ ಹಾಲು ಉಕ್ಕುವುದರಲ್ಲಿತ್ತು. ಅತ್ತೆ ಅದನ್ನು ನೋಡಲಿಲ್ಲ.

“ಸುಳ್ಳು,” ಅಂದೆ.

ಅತ್ತೆ ಉಸಿರುಬಿಟ್ಟು ಉರಿ ಸಣ್ಣ ಮಾಡಿದರು. ಆಮೇಲೆ ನನ್ನನ್ನು ಅಪ್ಪಿಕೊಂಡರು. “ಹುಚ್ಚುಹುಡುಗಿ. ಅಷ್ಟು ಪ್ರೀತಿನಾ ಅವರ ಮೇಲೆ.”

ಮೇ 12, ಸೋಮವಾರ

ಪತ್ರದ ನಕಲು, ದಾಖಲೆಗಾಗಿ:

‘ನನ್ನ ಅಕ್ಕನ ಮಗಳು ಹತ್ತು ವಾರ ನನ್ನ ಮನೆಯಲ್ಲಿದ್ದಳು. ಲಿಫ್ಟಿನ ವಿಷಯ ತಮಗೆ ಆಗಲೇ ತಿಳಿಸಿದ್ದೇನೆ. ಅದರ ನಂತರ ಯಾವ ಕಿಡಿಗೇಡಿತನವನ್ನೂ ಮಾಡಿಲ್ಲ. ನನ್ನ ಆರೋಗ್ಯ ಕೆಟ್ಟಾಗ ಮೊದಲು ಗುರುತಿಸಿ ಡಾಕ್ಟರಿಗೆ ಹೇಳುವಂತೆ ಒತ್ತಾಯಿಸಿದವಳು ಅವಳೇ. ನನ್ನ ಸಮಾಧಾನಕ್ಕಾಗಿ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳಲೂ ಮುಂದಾದಳು. ಅವಳ ಮಾತನ್ನು ನಂಬಬಹುದು.’

ಅಕ್ಷರ ದುಂಡಗಿದೆ, ಒಂದೂ ಚಿತ್ತಿಲ್ಲ.

ಮಾಮ ನನ್ನ ಪೆಟ್ಟಿಗೆ ಹೊತ್ತು ಬಸ್ ಸ್ಟಾಪಿನವರೆಗೆ ಬಂದ. ಸ್ಟಾಪು ರಸ್ತೆಯ ಆಚೆ ಬದಿ. ಫುಟ್‌ಪಾತಿನ ಅಂಚಿಗೆ ಬಂದಾಗ ಪೆಟ್ಟಿಗೆ ಕೆಳಗಿಟ್ಟು, ಚಿಕ್ಕಂದಿನಲ್ಲಿ ನಾನು ಅವನ ಕೈ ಹಿಡಿಯುತ್ತಿದ್ದ ಹಾಗೆ ನನ್ನ ಕೈ ಹಿಡಿದುಕೊಂಡ.

“ಯಾರಾದ್ರೂ ಇದ್ದಾರಾ, ನೋಡಿ ಹೇಳು.”

ಎಡಕ್ಕೆ ನೋಡಿದೆ. ಬಲಕ್ಕೆ ನೋಡಿದೆ.

“ಯಾರೂ ಇಲ್ಲ ಮಾಮ,” ಅಂದೆ.

ಅವನು ತಲೆಯಾಡಿಸಿದ. ಕಾಲು ಮಾತ್ರ ಎತ್ತಲಿಲ್ಲ.